ಹಲ್ಲಣ್ಣನ ಜಪ್ತಿ ವಾರಂಟು

ಕೋರ್ಟು ಕಟ್ಟಡದ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಒಂದು ಮೇಜು, ಎರಡು ಸ್ಟೂಲು ಹಾಕಿಕೊಂಡು ನಾನು ಇಪ್ಪತ್ತಾರು ವರ್ಷದಿಂದ ಅರ್ಜಿ ಟೈಪು ಮಾಡುತ್ತಿದ್ದೇನೆ. ಟೈಪ್‌ರೈಟರು ಹೋಗಿ ಕಂಪ್ಯೂಟರು ಬಂತು, ಜನ ಮಾತ್ರ ನನ್ನನ್ನು ಈಗಲೂ ಟೈಪಮ್ಮ ಎಂದೇ ಕರೆಯುತ್ತಾರೆ. ತಲೆಯ ಮೇಲೆ ಇಳಿಯುವ ಹೆಜ್ಜೆಯ ಸದ್ದು ಕೇಳಿಯೇ ಗೆದ್ದವರು ಯಾರು, ಸೋತವರು ಯಾರು ಎಂದು ಹೇಳಬಲ್ಲೆ ಎಂದು ನಾನು ಜಂಬ ಕೊಚ್ಚಿಕೊಳ್ಳುವುದುಂಟು. ಗೆದ್ದವರು ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತಾರೆ. ಹಲ್ಲಣ್ಣ ಹಾಗೆ ಇಳಿದು ಬಂದದ್ದು ಒಂದೇ ಒಂದು ದಿನ. ಕೈಯಲ್ಲಿ ಡಿಕ್ರಿಯ ನಕಲು ಹಿಡಿದುಕೊಂಡು, ಬೆವರು ಒರೆಸಿಕೊಳ್ಳುವುದನ್ನೂ ಮರೆತು ನನ್ನ ಮೇಜಿನ ಮುಂದೆ ನಿಂತ.

“ಗೆದ್ದುಬಿಟ್ಟೆ ಟೈಪಮ್ಮಾ! ಬಡ್ಡಿ ಸಮೇತ ಕೊಡ್ಬೇಕು ಅಂತ ಬರ್ದಿದ್ದಾರೆ. ದುಡ್ಡು ಯಾವ ಕೌಂಟರಲ್ಲಿ ಕೊಡ್ತಾರೆ?”

ನಾನು ನಗಬಾರದಿತ್ತು, ನಕ್ಕುಬಿಟ್ಟೆ. ಈ ಪ್ರಶ್ನೆ ಕೇಳಿದವರಲ್ಲಿ ಅವನೇನೂ ಮೊದಲನೆಯವನಲ್ಲ. ಆದರೆ ಅಷ್ಟು ನಂಬಿಕೆಯಿಂದ ಕೇಳಿದವನು ಅವನೊಬ್ಬನೇ.

“ಕೌಂಟರೂ ಇಲ್ಲ, ಗಿಂಟರೂ ಇಲ್ಲ. ಕೊಡ್ಬೇಕು ಅಂತ ಕೋರ್ಟು ಹೇಳತ್ತೆ ಅಷ್ಟೆ. ಅವರಾಗೇ ಕೊಡ್ಲಿಲ್ಲ ಅಂದ್ರೆ ನೀವು ಮತ್ತೆ ಅರ್ಜಿ ಹಾಕ್ಬೇಕು. ಆಮೇಲೆ ಅಮೀನರು ಹೋಗಿ ಅವರ ಸಾಮಾನು ಎತ್ಕೊಂಡು ಬರ್ತಾರೆ, ಹರಾಜು ಹಾಕ್ತಾರೆ, ಬಂದಿದ್ದನ್ನ ನಿಮಗೆ ಕೊಡ್ತಾರೆ.”

“ಮತ್ತೆ ಅರ್ಜಿನಾ? ಹಾಗಾದ್ರೆ ಈ ಎರಡು ವರ್ಷ ನಾನು ಮಾಡಿದ್ದೇನು?”

“ನೀವು ಹೇಳಿದ್ದು ಸುಳ್ಳಲ್ಲ ಅಂತ ಒಪ್ಪಿಸಿದ್ರಿ.”

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಡಿಕ್ರಿಯ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಅದರಲ್ಲಿ ಕೌಂಟರಿನ ನಂಬರು ಎಲ್ಲಾದರೂ ಇರಬಹುದೇನೋ ಎಂಬಂತೆ ಮತ್ತೆ ಮೊದಲಿನಿಂದ ಓದತೊಡಗಿದ.

ಹಲ್ಲಣ್ಣ ಕಟ್ಟು ಹಲ್ಲು ತಯಾರಿಸುವವನು. ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವನು ಅದಕ್ಕೆ ಪ್ಲಾಸ್ಟರು ಹೊಯ್ದು ದವಡೆ ಎಬ್ಬಿಸಿ, ಮೇಣದಲ್ಲಿ ಒಸಡು ಕೂರಿಸಿ, ಒಂದೊಂದೇ ಹಲ್ಲು ಜೋಡಿಸಿ ಸೆಟ್ ಮಾಡಿ ಕೊಡುತ್ತಾನೆ. ರೋಗಿಗಳಿಗೆ ಇವನು ಯಾರೆಂದೇ ಗೊತ್ತಿರುವುದಿಲ್ಲ, ಹೆಸರೆಲ್ಲ ಡಾಕ್ಟರಿಗೆ. ಹದಿನಾರನೇ ವಯಸ್ಸಿಗೆ ಸೋದರಮಾವನ ಹತ್ತಿರ ಕಲಿತ ಕೆಲಸ, ನಲವತ್ತು ವರ್ಷದಿಂದ ಬೇರೇನೂ ಮಾಡಿಲ್ಲ. ಊರಿಗೆಲ್ಲ ಹಲ್ಲು ಕಟ್ಟಿಕೊಟ್ಟವನ ಬಾಯಲ್ಲಿ ಮಾತ್ರ ಎರಡು ಕಿಟಕಿ. ಕೇಳಿದರೆ, “ಗಾಳಿ ಆಡ್ಲಿ ಬಿಡಿ, ಪ್ಲಾಸ್ಟರ್ ಧೂಳಲ್ಲಿ ಇರೋನು ನಾನು” ಎನ್ನುತ್ತಿದ್ದ.

ಅವನ ಕೆಲಸದ ಕೋಣೆಯನ್ನು ನಾನು ನೋಡಿದ್ದೇನೆ. ಒಂದು ಗ್ಯಾರೇಜಿನ ಹಿಂಭಾಗ, ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಗೋಡೆಯ ತುಂಬ ಹಲಗೆ, ಹಲಗೆಯ ತುಂಬ ಬಿಳಿ ದವಡೆಗಳು, ಒಂದೊಂದರ ಬುಡದಲ್ಲೂ ಪೆನ್ಸಿಲಿನಲ್ಲಿ ಬರೆದ ನಂಬರು. ಮೊದಲ ಸಲ ಹೋದವರಿಗೆ ನೂರಾರು ಜನ ಬಾಯಿ ತೆರೆದುಕೊಂಡು ತಮ್ಮ ಮಾತನ್ನೇ ಕೇಳುತ್ತಿದ್ದಾರೇನೋ ಎನಿಸುತ್ತದೆ. ಮೂಲೆಯಲ್ಲಿ ಸ್ಟವ್ವು, ಅದರ ಮೇಲೆ ಬೆಳಿಗ್ಗೆ ಅನ್ನ, ಮಧ್ಯಾಹ್ನ ಮೇಣ. ಬೆಂಚಿನ ಕೆಳಗೆ ಸುತ್ತಿಟ್ಟ ಹಾಸಿಗೆ. ಮದುವೆಯಾಗಲಿಲ್ಲ, ಹಾಗಾಗಿ ಮನೆ ಬೇರೆ, ಕೆಲಸದ ಜಾಗ ಬೇರೆ ಎಂಬ ಭೇದವೂ ಅವನಿಗಿರಲಿಲ್ಲ.

ಅವನಿಗೆ ಇದ್ದದ್ದು ಅಕ್ಕ ಒಬ್ಬಳೇ. ಒಂಬತ್ತು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ಇವನಿಗೆ ನಾಲ್ಕು ವರ್ಷ, ಸೊಂಟದ ಮೇಲೆ ಕೂರಿಸಿಕೊಂಡು ಸಾಕಿದವಳು ಆಕೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಹಾಸಿಗೆ ಬಟ್ಟೆ ಒಗೆದು, ಅಂಗೈ ಗೆರೆಗಳೆಲ್ಲ ಸವೆಸಿಕೊಂಡು ನಿವೃತ್ತಳಾದಳು. ಗಂಡನಿಲ್ಲ. ಇರುವುದು ಮಗನ ಮನೆಯಲ್ಲಿ. ಅಲ್ಲಿ ಆಕೆಯ ಮಂಚ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಂಥ ಜಾಗದಲ್ಲಿ. ಬೆಳಗಿನ ಜಾವ ಬಚ್ಚಲಿಗೆ ಹೋಗುವ ಪ್ರತಿಯೊಬ್ಬರೂ ಆಕೆಯ ಕಾಲನ್ನು ಸವರಿಕೊಂಡೇ ಹೋಗಬೇಕು. ಮಗ ಕೆಟ್ಟವನಲ್ಲ, ಸೊಸೆಯೂ ಬಾಯಿ ಮಾಡುವವಳಲ್ಲ. ಮನೆ ಚಿಕ್ಕದು, ಅಷ್ಟೆ. ಆಕೆಗೆ ಬೇಕಾಗಿದ್ದುದು ಒಂದು ಕೋಣೆ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ.

ಅಂಥದ್ದೊಂದನ್ನು ನೋಡಿಯೂ ಇಟ್ಟಿದ್ದಳು. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಮೊದಲ ಮಹಡಿ, ಒಂದು ಕಿಟಕಿ, ಪಕ್ಕದಲ್ಲೇ ನಲ್ಲಿ. ಭೋಗ್ಯಕ್ಕೆ ಕೊಡುತ್ತೇವೆ ಎಂದಿದ್ದರು. ಒಂದೇ ಸಲ ದೊಡ್ಡ ಮೊತ್ತ ಕೊಟ್ಟರೆ ತಿಂಗಳ ಬಾಡಿಗೆಯ ಗೋಳಿಲ್ಲ. ನಿವೃತ್ತಿಯಾದಾಗ ಬಂದ ಗಂಟು ಅದಕ್ಕೆ ಸರಿಹೊಂದುತ್ತಿತ್ತು. ಅದೇ ಹೊತ್ತಿಗೆ ತಮ್ಮ ಬಂದು ಕೈಚಾಚಿದ.

ಊರಿನ ದೊಡ್ಡ ರಸ್ತೆಯಲ್ಲಿ ಒಬ್ಬ ಹಲ್ಲಿನ ಡಾಕ್ಟರು ಒಟ್ಟಿಗೆ ಮೂರು ಕ್ಲಿನಿಕ್ಕು ತೆರೆದಿದ್ದ. ನಗುನಗುತ್ತ ಮಾತಾಡುವವನು, ಭುಜದ ಮೇಲೆ ಕೈಹಾಕುವವನು. “ತಿಂಗಳಿಗೆ ಐವತ್ತು ಸೆಟ್ ಬೇಕು ಹಲ್ಲಣ್ಣೋರೇ. ಸಾಮಾನು ನೀವೇ ತಂದ್ಕೊಳ್ಳಿ, ಆರು ತಿಂಗಳಿಗೆ ಒಂದೇ ಸಲ ಚುಕ್ತಾ ಮಾಡ್ತೀನಿ” ಎಂದ. ಹಲ್ಲಣ್ಣ ಅಕ್ಕನ ಗಂಟು ಬಿಚ್ಚಿ ಹಲ್ಲಿನ ಪೆಟ್ಟಿಗೆ, ರಾಳದ ಪುಡಿ, ಹೊಸ ಪಾಲಿಶ್ ಯಂತ್ರ ಎಲ್ಲ ತಂದ. ಹಗಲಿಡೀ ಬೆನ್ನು ಬಾಗಿಸಿ ಮುನ್ನೂರು ಸೆಟ್ ಮಾಡಿಕೊಟ್ಟ. ಆರು ತಿಂಗಳು ಎಂಟಾಯಿತು, ಎಂಟು ಹದಿನಾಲ್ಕಾಯಿತು. ಡಾಕ್ಟರ ನಗು ಹಾಗೇ ಇತ್ತು, ಕೈ ಮಾತ್ರ ಭುಜದಿಂದ ಇಳಿದುಹೋಯಿತು. ಕೊನೆಗೆ ಫೋನನ್ನೂ ಎತ್ತಲಿಲ್ಲ. ಕೇಸು ಹಾಕಿದ್ದು ಆಗ. ಆ ಅರ್ಜಿಯನ್ನು ಟೈಪು ಮಾಡಿದವಳೂ ನಾನೇ.

ಕೇಸು ಹಾಕಿದ ಸುದ್ದಿ ಉಳಿದ ಡಾಕ್ಟರುಗಳ ಕಿವಿಗೆ ಬೀಳಲು ವಾರವೂ ಬೇಕಾಗಲಿಲ್ಲ. ಒಬ್ಬೊಬ್ಬರಾಗಿ ಅಚ್ಚು ಕಳಿಸುವುದನ್ನು ನಿಲ್ಲಿಸಿದರು. ಒಬ್ಬ ಡಾಕ್ಟರಮ್ಮನಂತೂ, “ನಿಮ್ಮ ಕೆಲಸಕ್ಕೆ ಹೆಸರಿಡೋ ಹಾಗಿಲ್ಲ, ಆದ್ರೆ ಕೋರ್ಟು ಕಚೇರಿ ಅನ್ನೋರ ಜೊತೆ ವ್ಯವಹಾರ ನಮಗೆ ಬೇಡ” ಎಂದು ಮುಖದ ಮೇಲೇ ಹೇಳಿದಳಂತೆ. ಮೋಸ ಮಾಡಿದವನು ಮರ್ಯಾದಸ್ಥ, ಕೇಳಲು ಹೋದವನು ಜಗಳಗಂಟ! ಇದನ್ನು ಕೇಳಿದಾಗ ನನಗೆ ಮೈಯೆಲ್ಲ ಉರಿದಿತ್ತು. ಹಲ್ಲಣ್ಣನಿಗೆ ಉರಿಯಲಿಲ್ಲ. ಡಿಕ್ರಿ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಅವನು ಕಾದಿದ್ದ. ಬಂದ ಡಿಕ್ರಿಯನ್ನು ತೊಡೆಯ ಮೇಲಿಟ್ಟುಕೊಂಡು ಈಗ ನನ್ನ ಮುಂದೆ ಕೂತಿದ್ದ.

ಆವತ್ತೇ ಜಪ್ತಿಗೆ ಅರ್ಜಿ ಟೈಪು ಮಾಡಿದೆ. ಡಾಕ್ಟರ ಕ್ಲಿನಿಕ್ಕಿನಲ್ಲಿ ಏನೇನಿದೆ ಎಂದು ಪಟ್ಟಿ ಬರೆಸಬೇಕಿತ್ತು. ಹಲ್ಲಣ್ಣ ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದ. ರೋಗಿಗಳು ಕೂರುವ ಉದ್ದ ಸೋಫಾ, ಗೋಡೆಯ ಟೀವಿ, ಫ್ರಿಜ್ಜು, ಎರಡು ಏಸಿ, ಮೀನಿನ ತೊಟ್ಟಿ. ರೋಗಿಯನ್ನು ಮಲಗಿಸುವ ಕುರ್ಚಿಯನ್ನೂ ಹೇಳಿದ, ಬೆಲೆಬಾಳುವುದು ಅದೊಂದೇ. ನಾನು ಬೇಡವೆಂದೆ. ಒಬ್ಬ ಮನುಷ್ಯ ದುಡಿದು ತಿನ್ನುವ ಸಲಕರಣೆಯನ್ನು ಅಮೀನರು ಮುಟ್ಟುವಂತಿಲ್ಲ, ಕಾನೂನು ಹಾಗಿದೆ.

“ಒಳ್ಳೆ ಕಾನೂನೇ” ಎಂದ ಹಲ್ಲಣ್ಣ. “ನನ್ನ ಗ್ರೈಂಡರ್ ಯಾರಾದ್ರೂ ಎತ್ಕೊಂಡು ಹೋದ್ರೆ ನಾನೇನ್ ಮಾಡ್ಲಿ?”

ವಾರಂಟು ಕೈಗೆ ಬರಲು ಮೂರು ತಿಂಗಳು ಹಿಡಿಯಿತು. ಅದಕ್ಕೆ ಕಟ್ಟಬೇಕಾದ ಫೀಸನ್ನು ಅಕ್ಕ ಪಿಂಚಣಿಯಲ್ಲಿ ಕಟ್ಟಿದಳು. ಸೆರಗಿನ ತುದಿಯಿಂದ ನೋಟು ಬಿಚ್ಚಿ ನನ್ನ ಮೇಜಿನ ಮೇಲಿಟ್ಟು, “ಮಾರ್ಕೆಟ್ ಹಿಂದಿನ ಆ ಕೋಣೆ ಮತ್ತೆ ಖಾಲಿಯಾಗಿದೆ, ಈ ತಿಂಗಳ ಕೊನೆ ತನಕ ಕಾಯ್ತಾರಂತೆ ಅಮ್ಮಾ. ಅಷ್ಟರೊಳಗೆ ಆಗತ್ತಲ್ವಾ?” ಎಂದು ಕೇಳಿದಳು. ಆಗುತ್ತದೆ ಎಂದೆ. ಆ ಮುಖಕ್ಕೆ ಬೇರೆ ಏನು ಹೇಳುವುದು?

ನಮ್ಮ ಕೋರ್ಟಿನ ಅಮೀನರು ಸದ್ದಿಲ್ಲದ ಮನುಷ್ಯ. ತೋಳಿಗೆ ನೇತುಹಾಕಿದ ಒಂದು ಛತ್ರಿ, ಕಂಕುಳಲ್ಲಿ ಕ್ಯಾನ್ವಾಸಿನ ಚೀಲ. ಯಾರ ಮೇಲೂ ದನಿ ಏರಿಸಿದವರಲ್ಲ, ಯಾರಿಗೂ ಒಂದು ನಿಮಿಷ ಹೆಚ್ಚು ಕೊಟ್ಟವರೂ ಅಲ್ಲ. ಅವರು ಎರಡು ಸಲ ಹೋದಾಗ ಕ್ಲಿನಿಕ್ಕಿನ ಷಟರು ಎಳೆದಿತ್ತು. ಇವರು ಬರುತ್ತಾರೆಂದು ಆ ಡಾಕ್ಟರಿಗೆ ಯಾರು ಹೇಳುತ್ತಿದ್ದರೋ, ಕೋರ್ಟಿನ ಗೋಡೆಗೂ ಬಾಯಿರುತ್ತದೆ. ಮೂರನೆಯ ಸಲ ಹೋದದ್ದು ವಾರಂಟಿನ ಗಡುವು ಮುಗಿಯುವ ದಿನ. ಮಹಜರಿಗೆ ಇಬ್ಬರು ಸಾಕ್ಷಿ ಬೇಕು ಎಂದು ನನ್ನನ್ನೂ, ಕೋರ್ಟಿನೆದುರು ಜೆರಾಕ್ಸ್ ಅಂಗಡಿ ಇಟ್ಟಿರುವವನನ್ನೂ ಎಳೆದುಕೊಂಡು ಹೋದರು. ಸಾಮಾನು ಹೇರಲು ಇಬ್ಬರು ಆಳು, ಒಂದು ಬಾಡಿಗೆ ಟೆಂಪೋ, ಆ ಖರ್ಚೂ ಅಕ್ಕನದೇ. ಆಕೆ ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತು ಬಂದಿದ್ದಳು. ಒಳಗೆ ಬರಲು ನಾಚಿಕೆಯಾಗುತ್ತದೆ ಎಂದು ಟೆಂಪೋದಲ್ಲೇ ಉಳಿದಳು.

ಷಟರು ತೆರೆದಿತ್ತು. ಗಂಟೆ ಮೂರು. ಅಮೀನರು ಒಳಗೆ ಹೋಗಿ, ವಾರಂಟು ಓದಿ ಹೇಳಿ, ಸೋಫಾದ ತುದಿಯಲ್ಲಿ ಕೂತು ಪೆನ್ನಿನ ಕ್ಯಾಪು ತೆಗೆದರು. “ಐದು ಗಂಟೆಗೆ ಕೋರ್ಟಿನ ಉಗ್ರಾಣಕ್ಕೆ ಬೀಗ ಬೀಳತ್ತೆ. ಅಷ್ಟರೊಳಗೆ ಸಾಮಾನು ಅಲ್ಲಿ ಇಳೀಬೇಕು. ಇನ್ನೊಂದು ವಿಷಯ. ಯಾವ್ಯಾವ ವಸ್ತು ಅಂತ ನೀವೇ ಖುದ್ದಾಗಿ ಕೈಯಿಟ್ಟು ತೋರಿಸ್ಬೇಕು. ನೀವು ತೋರಿಸ್ದೆ ಇದ್ದಿದ್ದನ್ನ ನಾನು ಬರ್ಕೊಳ್ಳೋ ಹಾಗಿಲ್ಲ” ಎಂದು ಹಲ್ಲಣ್ಣನಿಗೆ ಹೇಳಿದರು.

ಡಾಕ್ಟರು ಬಿಳಿ ಕೋಟಿನಲ್ಲೇ ಬಂದು ಹಲ್ಲು ಕಿಸಿದ. ಸೋಫಾ ಹೆಂಡತಿಯದು, ಫ್ರಿಜ್ಜು ಮಾವನದು, ಟೀವಿ ಕಂತು ತೀರಿಲ್ಲ, ಹೀಗೆ ಒಂದೊಂದಕ್ಕೂ ಒಂದೊಂದು ಕಾಗದ ತೆಗೆದ. ಅಮೀನರು ಒಂದೊಂದನ್ನೂ ಸಾವಧಾನವಾಗಿ ಓದಿ, ಇದು ನಡೆಯುತ್ತದೆ, ಇದು ನಡೆಯುವುದಿಲ್ಲ ಎಂದು ಬೇರೆ ಮಾಡುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಆದರೂ ಸೋಫಾ, ಎರಡು ಏಸಿ, ಫ್ರಿಜ್ಜು, ಮೀನಿನ ತೊಟ್ಟಿ ಉಳಿದವು. ಮೀನನ್ನು ಏನು ಮಾಡುವುದು ಎಂದು ಜೆರಾಕ್ಸಿನವನು ಕೇಳಿದ್ದಕ್ಕೆ ಅಮೀನರು, “ಮೀನಿಗೆ ವಾರಂಟಿಲ್ಲ” ಎಂದರು. ಎಲ್ಲರೂ ನಕ್ಕೆವು. ಆ ದಿನ ನಾವು ನಕ್ಕದ್ದು ಅಷ್ಟೇ.

ಹಲ್ಲಣ್ಣ ಎದ್ದು ಫ್ರಿಜ್ಜಿನ ಕಡೆಗೆ ಕೈ ಚಾಚುವುದಕ್ಕೂ ಒಳಗಿನ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಒಬ್ಬ ಅಜ್ಜಿ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಗೆ ಬಂದಳು. ಹಿಂದೆ ಮೊಮ್ಮಗಳು, ಅವಳ ಕೈಯಲ್ಲೊಂದು ಡಬ್ಬಿ, ಡಬ್ಬಿಯಲ್ಲಿ ಹಲ್ಲಿನ ಸೆಟ್.

“ಹಲ್ಲಣ್ಣೋರೇ, ಒಳ್ಳೆ ಟೈಮಿಗೆ ಸಿಕ್ರಿ” ಎಂದ ಡಾಕ್ಟರು. “ಇದು ನಿಮ್ಮದೇ ಹಳೇ ಕೆಲಸ. ಒಸಡು ಇಳಿದು ಈಗ ಅಜ್ಜಿಗೆ ಒತ್ತತ್ತಂತೆ. ಮೂರು ದಿನದಿಂದ ಗಂಜಿ ಬಿಟ್ಟು ಬೇರೇನೂ ಇಳೀತಿಲ್ಲ. ನನ್ನ ಕೈಲಿ ಆಗ್ತಿಲ್ಲ ನೋಡಿ.”

ಅವನು ಬೇಕೆಂದೇ ಆ ಅಜ್ಜಿಯನ್ನು ಆ ಹೊತ್ತಿಗೆ ಹೊರಗೆ ಕರೆತಂದ ಎಂದು ನಾನು ಯಾರ ತಲೆಯ ಮೇಲೆ ಬೇಕಾದರೂ ಕೈಯಿಟ್ಟು ಹೇಳುತ್ತೇನೆ. ಹಲ್ಲಣ್ಣ ಇವತ್ತಿಗೂ ಅದನ್ನು ಒಪ್ಪುವುದಿಲ್ಲ. ಅವನು ಡಬ್ಬಿಯಿಂದ ಸೆಟ್ಟನ್ನು ಎತ್ತಿಕೊಂಡು ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಅಂಚನ್ನು ಸವರಿದ. ಅಜ್ಜಿಯನ್ನು ಬಾಯಿ ತೆರೆಯಲು ಹೇಳಿ ಬಗ್ಗಿ ನೋಡಿದ. ಒಸಡಿನ ಮೇಲೆ ಕೆಂಪಗೆ ಹುಣ್ಣಾಗಿತ್ತು.

“ಛೆ ಛೆ, ಇದು ನನ್ನದೇ ತಪ್ಪು” ಎಂದ. “ಎರಡೇ ನಿಮಿಷ ಸಾರ್.”

“ಮೊದ್ಲು ಕೈಯಿಟ್ಟು ತೋರಿಸಿ, ಆಮೇಲೆ ಹೋಗಿ” ಎಂದು ನಾನು ಕೂಗಿದೆ.

“ಅವರಿಗೆ ರಕ್ತ ಬರ್ತಿದೆ ಟೈಪಮ್ಮ. ಬಂದ್ಬಿಟ್ಟೆ.”

ಒಳಗೆ ಗ್ರೈಂಡರಿನ ಸದ್ದು ಕೇಳಿಸಿತು. ಒಂದು ಅಂಚು ಉಜ್ಜಿ, ಹಾಕಿಸಿ, ಕಚ್ಚಿಸಿ ನೋಡಿದ. ಅಲ್ಲಿ ಸರಿಮಾಡಿದರೆ ಇನ್ನೊಂದು ಕಡೆ ಏರುಪೇರು. ಮತ್ತೆ ತೆಗೆದು ಉಜ್ಜಿದ. ಎರಡು ನಿಮಿಷ ಇಪ್ಪತ್ತಾಯಿತು, ಇಪ್ಪತ್ತು ಗಂಟೆಯ ಹತ್ತಿರ ಬಂತು. ನಾನು ಎರಡು ಸಲ ಬಾಗಿಲಿಗೆ ಹೋಗಿ ಕರೆದೆ. ಅವನಿಗೆ ಕಿವಿಯೇ ಇರಲಿಲ್ಲ, ಮೈಯೆಲ್ಲ ಆ ಬೆರಳ ತುದಿಗೆ ಬಂದಿತ್ತು. ಅಮೀನರ ಹತ್ತಿರ ಹೋಗಿ, ಅವನ ಪರವಾಗಿ ನಾನು ತೋರಿಸಬಹುದೇ ಎಂದು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. “ನೀವು ಸಾಕ್ಷಿ ಅಮ್ಮಾ. ಸಾಕ್ಷಿ ನೋಡ್ಬಹುದು, ತೋರಿಸೋ ಹಾಗಿಲ್ಲ.” ಹೇರುವ ಆಳುಗಳು ಗೋಡೆಗೆ ಒರಗಿ ಕೂತರು. ಡಾಕ್ಟರು ಮೀನಿಗೆ ಕಾಳು ಹಾಕುತ್ತ ನಿಂತ.

ಹಲ್ಲಣ್ಣ ಹೊರಗೆ ಬಂದಾಗ ಐದಕ್ಕೆ ಹತ್ತು ನಿಮಿಷ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಡಿಕ್ರಿ ಬಂದ ದಿನವೂ ನೋಡಿರಲಿಲ್ಲ. ಹುಬ್ಬಿನ ಮೇಲೆಲ್ಲ ಗುಲಾಬಿ ಬಣ್ಣದ ಧೂಳು. “ಕೂತ್ಕೊಂಡ್ತು ಟೈಪಮ್ಮ! ಹಿಂದೆ ಒಂದು ಕೂದಲೆಳೆಯಷ್ಟು ಎತ್ತರ ಇತ್ತು ನೋಡಿ, ಅದೇ ಇಷ್ಟೆಲ್ಲಾ ಮಾಡಿದ್ದು” ಎಂದ. ಹಿಂದೆಯೇ ಬಂದ ಅಜ್ಜಿ ಬಿಸ್ಕತ್ತು ಕಚ್ಚಿ ನುಂಗಿ ಅವನಿಗೆ ಕೈಮುಗಿದಳು. ಕೌಂಟರಿನಲ್ಲಿ ಡಾಕ್ಟರು ಮೊಮ್ಮಗಳ ಹತ್ತಿರ ಆ ರಿಪೇರಿಯ ಫೀಸು ವಸೂಲು ಮಾಡುತ್ತಿದ್ದ. ದೇವರಾಣೆಗೂ, ಆ ಗಳಿಗೆಯಲ್ಲಿ ನನಗೆ ಆ ಮೀನಿನ ತೊಟ್ಟಿಯನ್ನು ಎತ್ತಿ ಅವನ ತಲೆಯ ಮೇಲೆ ಸುರಿಯಬೇಕು ಎನಿಸಿತು.

ಅಮೀನರು ಪೆನ್ನಿಗೆ ಕ್ಯಾಪು ಹಾಕಿಯಾಗಿತ್ತು. “ಇನ್ನು ಎತ್ತಿಸಿದ್ರೂ ಉಗ್ರಾಣ ಸಿಗಲ್ಲ. ವಾರಂಟು ಇವತ್ತಿಗೆ ಮುಗೀತು. ಡಿಕ್ರಿದಾರರು ಸ್ವತ್ತು ತೋರಿಸಲಿಲ್ಲ, ಜಾರಿಯಾಗದೆ ವಾಪಸ್ಸು ಅಂತ ಬರೀತೀನಿ” ಎಂದರು. ಆ ಮಾತನ್ನು ಅವರು ಸಿಟ್ಟಿನಿಂದ ಹೇಳಿದ್ದರೆ ಅವರ ಜೊತೆ ಜಗಳವಾದರೂ ಆಡಬಹುದಿತ್ತು. ಬೇಸರದಿಂದಲೇ ಹೇಳಿದರು. ಹಲ್ಲಣ್ಣನ ಮುಖದ ಬೆಳಕು ಆರಿಹೋಯಿತು. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿ, ಎಲ್ಲಿಡಬೇಕೆಂದು ತೋಚದೆ ಜೇಬಿನಲ್ಲಿಟ್ಟುಕೊಂಡ.

ಟೆಂಪೋದ ಹತ್ತಿರ ಹೋಗಿ ಅಕ್ಕನಿಗೆ ಅವನೇ ಹೇಳಿದ. ನಾನು ಹಿಂದೆ ನಿಂತಿದ್ದೆ. ಆಕೆ ಬೈಯಲಿಲ್ಲ. ಸ್ವಲ್ಪ ಹೊತ್ತು ಖಾಲಿ ಟೆಂಪೋದ ಹಿಂಭಾಗವನ್ನು ತಿರುಗಿ ನೋಡಿದಳು.

“ನೀನು ಚಿಕ್ಕೋನಿದ್ದಾಗ್ಲೂ ಹೀಗೇ” ಎಂದಳು. “ಅಂಗಡಿಗೆ ಕಳಿಸಿದ್ರೆ ದಾರೀಲಿ ಯಾರದ್ದೋ ಚಪ್ಪಲಿ ಹೊಲೀತಾ ಕೂತಿರ್ತಿದ್ದೆ.” ಅಷ್ಟು ಹೇಳಿ ಮುಖ ಆ ಕಡೆ ತಿರುಗಿಸಿದಳು. ಡ್ರೈವರು ಸಾಮಾನು ಹೇರದಿದ್ದರೂ ಪೂರ್ತಿ ಬಾಡಿಗೆ ಕೇಳಿದ. ಕೊಟ್ಟಳು.

ತಿಂಗಳ ಕೊನೆಗೆ ಮಾರ್ಕೆಟ್ಟಿನ ಹಿಂದಿನ ಆ ಕೋಣೆ ಬೇರೆ ಯಾರಿಗೋ ಹೋಯಿತು. ಎರಡನೇ ವಾರಂಟು ಬರಲು ನಾಲ್ಕು ತಿಂಗಳು. ಈ ಸಲ ಹಲ್ಲಣ್ಣ ಸಾಮಾನಿನ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡಿದ್ದ. ಯಾರ ಬಾಯಿಯನ್ನೂ ನೋಡುವುದಿಲ್ಲ ಎಂದು ನನ್ನ ಮುಂದೆ ಆಣೆಯಿಟ್ಟ. ಹೋದರೆ ಷಟರಿಗೆ ಬೀಗ ಕೂಡ ಇರಲಿಲ್ಲ. ಒಳಗೆ ಗೋಡೆಯ ಮೇಲೆ ಟೀವಿ ಇದ್ದ ಜಾಗದಲ್ಲಿ ನಾಲ್ಕು ತೂತು, ನೆಲದ ಮೇಲೆ ತೊಟ್ಟಿಯ ನೀರಿನ ಕಲೆ. ಮೂರೂ ಕ್ಲಿನಿಕ್ಕು ಖಾಲಿ. ಡಾಕ್ಟರ ಮನೆ ಬಾಡಿಗೆಯದು, ಅದನ್ನೂ ಬಿಟ್ಟು ಹೋಗಿದ್ದ. ಅಮೀನರು, “ಹೊಸ ವಿಳಾಸ ಕೊಟ್ರೆ ಅಲ್ಲಿಯ ಕೋರ್ಟಿಗೆ ಬರೆದು ಜಪ್ತಿ ಮಾಡಿಸ್ಬಹುದು. ವಿಳಾಸ ಇಲ್ದೆ ನಾನು ಗಾಳೀನ ಜಪ್ತಿ ಮಾಡ್ಲಾ?” ಎಂದು ಛತ್ರಿ ಎತ್ತಿಕೊಂಡು ಹೊರಟರು.

ಅಲ್ಲಿಂದ ಒಂದೂವರೆ ವರ್ಷ ಅಕ್ಕ ತಮ್ಮ ಇಬ್ಬರೂ ವಿಳಾಸ ಹುಡುಕಿದರು. ಔಷಧಿ ಅಂಗಡಿ, ಹಲ್ಲಿನ ಸಾಮಾನು ಮಾರುವವರು, ಹಳೆಯ ನರ್ಸು, ಯಾರನ್ನೂ ಬಿಡಲಿಲ್ಲ. ಅಕ್ಕ ಕೂಡಿಟ್ಟ ಪುಡಿಗಾಸೆಲ್ಲ ಬಸ್ಸಿಗೆ ಹೋಯಿತು. ಅತ್ತ ಮಗನ ಮನೆಯಲ್ಲಿ ಆ ಓಣಿಯಲ್ಲೇ ಬಟ್ಟೆ ಒಗೆಯುವ ಯಂತ್ರವೂ ಬಂದು ಕೂತಿತು. ಮೂವತ್ತೊಂದು ವರ್ಷ ಬಟ್ಟೆ ಒಗೆದವಳು ಅದರ ಗಡಗಡ ಸದ್ದಿನ ಪಕ್ಕದಲ್ಲಿ ಕಾಲು ಮಡಿಸಿಕೊಂಡು ಮಲಗತೊಡಗಿದಳು. ತಮ್ಮನ ಕೋಣೆಗೆ ಬಂದಿರೋಣವೆಂದರೆ ಅಲ್ಲಿಯ ರಾಳದ ವಾಸನೆಗೆ ಅರ್ಧ ಗಂಟೆಯಲ್ಲಿ ಉಸಿರು ಕಟ್ಟುತ್ತಿತ್ತು. ಆದರೂ ಭೇಟಿಯಾದಾಗಲೆಲ್ಲ ನನ್ನನ್ನು ಕೇಳುತ್ತಿದ್ದುದು ಒಂದೇ. “ಅಡ್ರೆಸ್ ಸಿಕ್ರೆ ಆಗತ್ತಲ್ವಾ ಅಮ್ಮಾ?” ಹೊಸ ಕೋಣೆಯೊಂದನ್ನು ಬೇರೆ ನೋಡಿಟ್ಟಿದ್ದಳು. ಮೊದಲಿನದಕ್ಕಿಂತ ಚಿಕ್ಕದು, ಕಿಟಕಿಯಿಲ್ಲ. ಚಿಲಕ ಇದೆ.

ಈ ನಡುವೆ ಹಲ್ಲಣ್ಣನಿಗೆ ಕೆಲಸವೇ ಇರಲಿಲ್ಲ. ಗ್ಯಾರೇಜಿನವನು ಕೋಣೆ ಖಾಲಿ ಮಾಡು ಎಂದು ಎರಡು ಸಲ ಹೇಳಿಹೋಗಿದ್ದ. ಆಗ ಒಬ್ಬ ಏಜೆಂಟು ಸಿಕ್ಕಿದ. ಬೇರೆ ಬೇರೆ ಊರಿನ ಕ್ಲಿನಿಕ್ಕುಗಳಿಂದ ಅಚ್ಚುಗಳನ್ನು ಪೆಟ್ಟಿಗೆಯಲ್ಲಿ ತಂದುಕೊಟ್ಟು, ಮುಗಿದ ಸೆಟ್ಟುಗಳನ್ನು ಒಯ್ದು, ಅಲ್ಲೇ ಕೈಗೆ ದುಡ್ಡು ಕೊಡುವವನು. ರೇಟು ಅರ್ಧ. ಹಲ್ಲಣ್ಣ ಎರಡನೇ ಮಾತಾಡದೆ ಒಪ್ಪಿದ. ಆರು ತಿಂಗಳಿಂದ ಅವನ ಹೊಟ್ಟೆ ಹೊರೆಯುತ್ತಿರುವುದು ಆ ಪೆಟ್ಟಿಗೆಯೊಂದೇ.

ಹೋದ ಗುರುವಾರ ಮಧ್ಯಾಹ್ನ ಅವನು ನನ್ನ ಮೇಜಿಗೆ ಬಂದ. ಅಕ್ಕನೂ ಜೊತೆಗೆ ಬಂದಿದ್ದಳು, ಟೈಪಮ್ಮನಿಗೆ ಅಡ್ರೆಸ್ ಏನಾದ್ರೂ ಸಿಕ್ಕಿದೆಯಾ ಕೇಳ್ಕೊಂಡು ಬರ್ತೀನಿ ಎಂದು ಆಕೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಬ್ಬನೇ ಒಳಗೆ ಬಂದ. ಚೀಲದಿಂದ ಒಂದು ಪ್ಲಾಸ್ಟರ್ ದವಡೆ ತೆಗೆದು ನನ್ನ ಕೀಬೋರ್ಡಿನ ಪಕ್ಕ ಇಟ್ಟ.

“ಈ ಮೂಲೆ ನೋಡಿ. ಬೇಳೆ ಕಾಳಿನಷ್ಟು ಒಂದು ಗುಳಿ ಇದೆಯಲ್ಲ? ಅಚ್ಚು ತೆಗೆಯೋವಾಗ ಎಡಗೈ ಹೆಬ್ಬೆಟ್ಟು ಜಾಸ್ತಿ ಒತ್ತಿದ್ರೆ ಇದು ಬೀಳತ್ತೆ. ಮುನ್ನೂರು ಸೆಟ್ಟಲ್ಲೂ ಇದೇ ಗುಳಿ ತುಂಬಿ ತುಂಬಿ ನನಗೆ ಸಾಕಾಗಿತ್ತು. ಎಷ್ಟು ಸಲ ಹೇಳಿದ್ರೂ ಆ ಡಾಕ್ಟ್ರು ತಿದ್ಕೊಳ್ಲಿಲ್ಲ.”

ನಾನು ಆ ಗುಳಿಯನ್ನು ಮುಟ್ಟಿ ನೋಡಿದೆ. “ಅವನೇನಾ?”

“ಅವನೇ. ಆರು ತಿಂಗಳಿಂದ ಅವನಿಗೇ ಹಲ್ಲು ಕಟ್ತಿದ್ದೀನಿ, ಪೆಟ್ಟಿಗೇಲಿ ಮುಕ್ಕಾಲು ಪಾಲು ಅವನದೇ. ಮೊದಲೆರಡು ಪೆಟ್ಟಿಗೇಲೇ ಅನುಮಾನ ಬಂತು. ಮೊನ್ನೆ ಏಜೆಂಟನ್ನ ಕೇಳ್ದೆ, ಪಾಪ ಅವನಿಗೇನು ಗೊತ್ತು, ಊರು, ಬೀದಿ, ಕ್ಲಿನಿಕ್ಕಿನ ಬೋರ್ಡು ಎಲ್ಲಾ ಹೇಳಿಬಿಟ್ಟ. ಹೆಂಡತಿ ಹೆಸರಲ್ಲಿ ನಡೆಸ್ತಿದ್ದಾನಂತೆ. ಕೆಲಸ ನನ್ನ ಹತ್ರ ಬರ್ತಿದೆ ಅಂತ ಅವನಿಗೂ ಗೊತ್ತಿಲ್ಲ.”

“ಇನ್ನೇನು ಮತ್ತೆ! ಅಡ್ರೆಸ್ ಸಿಕ್ತಲ್ಲ, ಹೇಳಿ, ಈಗ್ಲೇ ಅರ್ಜಿ ಟೈಪ್ ಮಾಡ್ತೀನಿ” ಎಂದು ನಾನು ಕೀಬೋರ್ಡು ಎಳೆದುಕೊಂಡೆ. ಹಳೆಯ ಅರ್ಜಿ ತೆರೆದು, ಎದುರುದಾರರ ವಿಳಾಸ ಎಂಬಲ್ಲಿ ಬಂದು ನಿಂತೆ. ಅವನು ದವಡೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದ.

“ಹೇಳಿ ಹಲ್ಲಣ್ಣ.”

“ಹೇಳಿದ್ರೆ ಎಷ್ಟು ದಿನಕ್ಕೆ ವಾರಂಟು ಬರತ್ತೆ?”

“ಬೇರೆ ಊರಿನ ಕೋರ್ಟು. ಆರು ತಿಂಗಳು. ಎಂಟೂ ಆಗ್ಬಹುದು.”

“ಬಂದ್ಮೇಲೆ ಸಿಗೋದೇನು? ಹೆಂಡತಿ ಹೆಸರಿನ ಸೋಫಾ. ಅಷ್ಟರಲ್ಲಿ ನೋಟೀಸಿನಲ್ಲಿ ನನ್ನ ಹೆಸರು ಓದಿ, ಹಲ್ಲು ಎಲ್ಲಿಂದ ಬರ್ತಿದೆ ಅಂತ ವಿಚಾರಿಸ್ತಾನೆ. ಪೆಟ್ಟಿಗೆ ಬರೋದು ಆ ದಿನಕ್ಕೇ ನಿಲ್ಲತ್ತೆ. ಊಟಕ್ಕೇನ್ ಮಾಡ್ಲಿ ಟೈಪಮ್ಮ? ಆ ಗ್ಯಾರೇಜಿನವನಿಗೆ ಏನ್ ಹೇಳ್ಲಿ?”

ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಅರ್ಜಿ ಹೊಡೆದವಳು, ಆ ಒಂದು ಖಾಲಿ ಸಾಲಿನ ಮುಂದೆ ಕೈಕಟ್ಟಿ ಕೂತೆ. ಅವನು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಾಗಿರಲಿಲ್ಲ. ಅದಕ್ಕೇ ನನಗೆ ತಡೆಯಲಾರದಷ್ಟು ಸಂಕಟವಾದದ್ದು. ಅವನು ಆ ದವಡೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ.

“ಸೋಮವಾರ ಹನ್ನೊಂದು ಸೆಟ್ ಕಳಿಸ್ಬೇಕು” ಎಂದ. “ಅಕ್ಕನಿಗೆ ಹೇಳ್ಬೇಡಿ. ನಿಮ್ಮ ಕಾಲು ಹಿಡ್ಕೋತೀನಿ.”

ನಾನು ಅವನ ಹಿಂದೆಯೇ ಎದ್ದು ಹೋದೆ. ಬೆಂಚಿನ ಮೇಲೆ ಅಕ್ಕ ಅರ್ಜಿಯ ಫೀಸಿಗೆಂದು ತಂದ ನೋಟುಗಳನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ನಾವು ಬರುವುದನ್ನು ನೋಡಿ ಎದ್ದು ನಿಂತಳು.

“ಸಿಕ್ತಾ?”

“ಇಲ್ಲಕ್ಕ” ಎಂದ ಹಲ್ಲಣ್ಣ. “ಅಡ್ರೆಸ್ ಇನ್ನೂ ಸಿಕ್ಕಿಲ್ಲ.”

ಆಕೆ ನನ್ನ ಮುಖ ನೋಡಿದಳು. ನಾನೂ ಇಲ್ಲವೆಂದು ತಲೆಯಾಡಿಸಿದೆ. ಆಕೆ ನೋಟುಗಳನ್ನು ಮತ್ತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ತಮ್ಮನ ಬೆನ್ನಿನ ಮೇಲೆ ಕೈಯಿಟ್ಟಳು.

“ಮುಖ ಯಾಕೆ ಹಾಗ್ ಮಾಡ್ತೀಯ? ಸಿಗತ್ತೆ ಬಿಡು. ಆ ಕೋಣೆಯವರಿಗೆ ಇನ್ನೆರಡು ತಿಂಗಳು ಕಾಯೋಕೆ ಹೇಳಿದ್ದೀನಿ.”